ದ್ರಾಕ್ ಗುಹೆ ಮತ್ತು ಪೋರ್ಟೊ ಕ್ರಿಸ್ಟೊ: ಗೈಡ್ ಜೊತೆ ಒಂದು ದಿನದ ಪ್ರವಾಸಕ್ಕೆ ಹೊರಡುವ ಮುನ್ನ

ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಉಳಿದುಕೊಂಡವರ ಕೈಗೆ ಒಂದಲ್ಲ ಒಂದು ಸಲ ದ್ರಾಕ್ ಗುಹೆಯ ಚೀಟಿ ಬಂದೇ ಬರುತ್ತದೆ. ನೆಲದಡಿಯ ಸರೋವರ, ಅದರ ಮೇಲೆ ದೋಣಿ, ದೋಣಿಯಲ್ಲಿ ಪಿಟೀಲು ನುಡಿಸುವವರು. ಚಿತ್ರ ನೋಡಿದರೆ ಸಾಕು, ಹೋಗಬೇಕು ಅನ್ನಿಸುತ್ತದೆ. ಹೋಗಿ, ತಪ್ಪೇನಿಲ್ಲ. ಆದರೆ ಒಂದೇ ಹೆಸರಿನಲ್ಲಿ ಮಾರುವ ಈ ಪ್ರವಾಸಗಳೆಲ್ಲ ಒಂದೇ ಅಲ್ಲ. ಕೆಲವದರಲ್ಲಿ ಗುಹೆಗೆ ಸಿಗುವಷ್ಟೇ ಹೊತ್ತು ಮುತ್ತಿನ ಅಂಗಡಿಗೂ ಹೋಗುತ್ತದೆ, ಕಡಲೂರಿನಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಬಸ್ಸು ಹೊರಡುತ್ತದೆ. ಕೆಲವದರಲ್ಲಿ ಊರು ಸುತ್ತಿ, ಊಟ ಮಾಡಿ, ಕಾಲು ನೀರಲ್ಲಿ ಇಟ್ಟು ಕೂರುವಷ್ಟು ಸಮಯ ಇರುತ್ತದೆ. ಬೆಲೆಯಲ್ಲಿ ಅಂಥ ವ್ಯತ್ಯಾಸ ಇಲ್ಲದೆ ಇರಬಹುದು. ಹಾಗಾಗಿ ಎಲ್ಲಿ ಎಷ್ಟು ಹೊತ್ತು ಎಂದು ಮೊದಲೇ ಕೇಳಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಯಾವ ಗುಹೆ ಎಂದು ಖಚಿತ ಮಾಡಿಕೊಳ್ಳಿ

ಮಯೋರ್ಕಾದ ಪೂರ್ವ ಕರಾವಳಿಯಲ್ಲಿ ಪ್ರವಾಸಿಗರು ಹೋಗುವ ದೊಡ್ಡ ಗುಹೆಗಳು ಮೂರು. ಅವುಗಳಲ್ಲಿ ಎರಡು ಪೋರ್ಟೊ ಕ್ರಿಸ್ಟೊ ಊರಿನ ಮಗ್ಗುಲಲ್ಲೇ ಇವೆ: ದ್ರಾಕ್ ಮತ್ತು ಹಾಮ್ಸ್. ಮೂರನೆಯದು ಆರ್ತಾ ಗುಹೆ. ಅದು ಇನ್ನೂ ಉತ್ತರಕ್ಕೆ, ಕಾನ್ಯಾಮೆಲ್ ಹತ್ತಿರ, ಸಮುದ್ರದ ನೆತ್ತಿಯ ಮೇಲೆ.

ಗೊಂದಲ ಆಗುವುದು ಮೊದಲ ಎರಡರಲ್ಲಿ. "ಪೋರ್ಟೊ ಕ್ರಿಸ್ಟೊ ಗುಹೆಗಳು" ಎಂದಷ್ಟೇ ಬರೆದಿದ್ದರೆ ಯಾವುದು ಎಂದು ಕೇಳಲೇಬೇಕು. ಹಾಮ್ಸ್ ಗುಹೆ 1905ರಲ್ಲಿ ಪತ್ತೆಯಾಯಿತು. ಗಾಳದ ಕೊಕ್ಕೆಯಂತೆ ಬಾಗಿ ಬೆಳೆದ ಸುಣ್ಣದ ಕಲ್ಲುಗಳು ಅಲ್ಲಿಯ ವಿಶೇಷ. ಅಲ್ಲೂ ಒಂದು ಚಿಕ್ಕ ಸರೋವರ ಇದೆ, ಬೆಳಕು ಮತ್ತು ಸಂಗೀತದ ಪ್ರದರ್ಶನವೂ ಇದೆ. ಚೆನ್ನಾಗಿಯೇ ಇದೆ. ಆದರೆ ದೊಡ್ಡ ಸರೋವರ, ದೋಣಿಯ ಮೇಲೆ ಕೂತು ಕಲಾವಿದರು ನುಡಿಸುವ ಕಛೇರಿ ನೋಡಲು ಹೊರಟವರು ಹಾಮ್ಸ್ ಟಿಕೆಟ್ ಕೈಯಲ್ಲಿ ಹಿಡಿದರೆ ನಿರಾಸೆ ಖಂಡಿತ. ಆರ್ತಾದಲ್ಲಿ ಸರೋವರವೇ ಇಲ್ಲ. ಅಲ್ಲಿ ಎತ್ತರದ ಹಜಾರಗಳು, 22 ಮೀಟರ್ ಎತ್ತರದ ಒಂದು ಕಲ್ಲಿನ ಕಂಬ ನೋಡುವಂಥದ್ದು. ಗದ್ದಲ ಇಷ್ಟವಿಲ್ಲದವರಿಗೆ ನಾನು ಆರ್ತಾ ಅನ್ನುತ್ತೇನೆ. ಮೊದಲ ಸಲ ಹೋಗುವವರಿಗೆ ದ್ರಾಕ್.

ಎರಡು ಗುಹೆಗಳನ್ನು ಒಂದೇ ದಿನಕ್ಕೆ ಸೇರಿಸಿದ ಪ್ಯಾಕೇಜ್ ಸಿಕ್ಕರೂ ಬೇಡ. ಎರಡನೆಯ ಗುಹೆ ಹೊತ್ತಿಗೆ ಕಣ್ಣು ದಣಿದಿರುತ್ತದೆ. ಊರು ನೋಡುವ ಸಮಯಕ್ಕೂ ಕತ್ತರಿ ಬೀಳುತ್ತದೆ.

ಬುಕ್ ಮಾಡುವಾಗ ಕೇಳುವ ಪ್ರಶ್ನೆಗಳು

ಹೋಟೆಲಿನ ಕೌಂಟರ್ ಇರಲಿ, ಆನ್‌ಲೈನ್ ಇರಲಿ, ದುಡ್ಡು ಕೊಡುವ ಮುಂಚೆ ಈ ಐದು ವಿಷಯ ಬಾಯಿ ಬಿಟ್ಟು ಕೇಳಿ.

1. ಗುಹೆಯ ಟಿಕೆಟ್ ಇದರಲ್ಲೇ ಸೇರಿದೆಯಾ? ಕೆಲವು ಪ್ರವಾಸಗಳಲ್ಲಿ ಬಸ್ಸು, ಗೈಡ್ ಮಾತ್ರ ಇರುತ್ತದೆ, ಪ್ರವೇಶ ಬೇರೆ.
2. ಗುಹೆಗೆ ಎಷ್ಟು ಗಂಟೆಯ ಸರದಿ? ಒಳಗೆ ಬಿಡುವುದು ನಿಗದಿತ ಹೊತ್ತಿಗೆ ಮಾತ್ರ, ಕಛೇರಿಯೂ ಅದಕ್ಕೆ ಹೊಂದಿಕೊಂಡೇ ನಡೆಯುತ್ತದೆ.
3. ಪೋರ್ಟೊ ಕ್ರಿಸ್ಟೊದಲ್ಲಿ ಬಿಡುವು ಎಷ್ಟು ಹೊತ್ತು? ಎರಡು ಗಂಟೆಗಿಂತ ಕಡಿಮೆ ಅಂದರೆ ಬೇರೆ ನೋಡಿ.
4. ಬಸ್ಸು ಹತ್ತುವುದು ಎಲ್ಲಿ? "ಹೋಟೆಲಿನಿಂದ" ಅಂದರೆ ಬಹಳ ಸಲ ಹೋಟೆಲಿನ ಹತ್ತಿರದ ಬಸ್ ನಿಲ್ದಾಣ ಅಂತ ಅರ್ಥ.
5. ಗೈಡ್ ಇಂಗ್ಲಿಷಿನಲ್ಲಿ ಮಾತಾಡುತ್ತಾರಾ? ಒಂದೇ ಬಸ್ಸಿನಲ್ಲಿ ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೂರರಲ್ಲೂ ಒಬ್ಬರೇ ಹೇಳುವುದುಂಟು. ಆಗ ನಿಮ್ಮ ಪಾಲಿಗೆ ಬರುವ ಮಾತು ಕಡಿಮೆ.

ನಾಲ್ಕನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದ್ವೀಪದ ರಾಜಧಾನಿ ಪಾಲ್ಮಾದಿಂದ ಪೋರ್ಟೊ ಕ್ರಿಸ್ಟೊಗೆ ನೇರ ಹೋದರೆ ಸುಮಾರು 60 ಕಿಲೋಮೀಟರ್, ಒಂದು ಗಂಟೆಯ ದಾರಿ. ಆದರೆ ಬಸ್ಸು ಹತ್ತಾರು ಹೋಟೆಲುಗಳ ಮುಂದೆ ನಿಂತು ಜನರನ್ನು ಹತ್ತಿಸಿಕೊಂಡು ಹೊರಡುತ್ತದೆ. ಮೊದಲ ನಿಲ್ದಾಣದಲ್ಲಿ ಹತ್ತಿದವರು ಕೊನೆಯವರಿಗಿಂತ ಒಂದು ಗಂಟೆ ಜಾಸ್ತಿ ಕೂರಬೇಕಾಗಬಹುದು. ಪಾಲ್ಮಾದಲ್ಲೇ ಇರುವವರು ಊರೊಳಗಿನ ಒಂದೇ ಜಾಗದಿಂದ ಹೊರಡುವ ಪ್ರವಾಸ ಹುಡುಕಿಕೊಂಡರೆ ಈ ಸುತ್ತಾಟ ತಪ್ಪುತ್ತದೆ.

ವೀಸಾ ವಿಚಾರ ಒಂದು ಮಾತು. ಮಯೋರ್ಕಾ ಸ್ಪೇನಿನ ಭಾಗ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು, ದ್ವೀಪಕ್ಕೆ ಪ್ರತ್ಯೇಕ ಅನುಮತಿ ಏನೂ ಇಲ್ಲ. ಹಣ ಯೂರೋ.

ಯಾವ ಹೊತ್ತು ಒಳ್ಳೆಯದು

ಜುಲೈ, ಆಗಸ್ಟಿನಲ್ಲಿ ದ್ವೀಪ ತುಂಬಿ ತುಳುಕುತ್ತದೆ. ಬಿಸಿಲೂ 30 ಡಿಗ್ರಿ ದಾಟುತ್ತದೆ. ಮೇ, ಜೂನ್ ಮೊದಲ ಭಾಗ, ಸೆಪ್ಟೆಂಬರ್ ಕೊನೆ ಹಿತ. ಸೆಪ್ಟೆಂಬರಿನಲ್ಲಿ ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ, ಈಜುವವರಿಗೆ ಅದೇ ವಾಸಿ. ಚಳಿಗಾಲದಲ್ಲಿ ಗುಹೆ ತೆರೆದಿರುತ್ತದೆ, ಆದರೆ ಸರದಿಗಳು ಕಡಿಮೆ, ಕಡಲೂರಿನ ಹೋಟೆಲುಗಳೂ ಅರ್ಧಕ್ಕರ್ಧ ಮುಚ್ಚಿರುತ್ತವೆ. ಡಿಸೆಂಬರ್ 25 ಮತ್ತು ಜನವರಿ 1ಕ್ಕೆ ಗುಹೆಗೆ ರಜೆ.

ಇನ್ನೊಂದು ವಿಷಯ. ಮಳೆ ಬಂದ ದಿನ ಬೀಚಿಗೆ ಹೋಗುವ ಹಾಗಿಲ್ಲವಲ್ಲ, ಎಲ್ಲರೂ ಗುಹೆಗೇ ಬರುತ್ತಾರೆ. ಬೇಸಿಗೆಯಲ್ಲಿ ಮೋಡ ಕವಿದ ದಿನ ಇಲ್ಲಿ ಸಾಲು ಜಾಸ್ತಿ. ಹವಾಮಾನ ನೋಡಿ ಬಿಸಿಲಿನ ದಿನವೇ ಬುಕ್ ಮಾಡಿ.

ಚೀಲದಲ್ಲಿ ಏನಿರಲಿ

ಮುಖ್ಯವಾದದ್ದು ಚಪ್ಪಲಿ. ಗುಹೆಯ ದಾರಿ ತೇವ ಇರುತ್ತದೆ, ಅಲ್ಲಲ್ಲಿ ಜಾರುತ್ತದೆ. ಹವಾಯಿ ಚಪ್ಪಲಿ ಹಾಕಿಕೊಂಡು ಬರುವವರನ್ನು ನೋಡಿದರೆ ಭಯ ಆಗುತ್ತದೆ. ಹಿಡಿತ ಇರುವ ಶೂ ಅಥವಾ ಪಟ್ಟಿ ಇರುವ ಸ್ಯಾಂಡಲ್ ಹಾಕಿ. ಒಳಗೆ ವರ್ಷವಿಡೀ ಸುಮಾರು 20 ಡಿಗ್ರಿ ಇರುತ್ತದೆ, ತೇವಾಂಶ ಬಹಳ. ಸ್ವೆಟರ್ ಬೇಡ. ಆದರೆ ಬಿಸಿಲಲ್ಲಿ ಬೆವರಿ ಒಳಗೆ ಹೋಗಿ ಸುಮ್ನೆ ಕೂತಾಗ ಸಣ್ಣಗೆ ಚಳಿ ಅನ್ನಿಸುತ್ತದೆ, ಒಂದು ತೆಳು ಶಾಲು ಸಾಕು. ಇದರ ಜೊತೆ ನೀರಿನ ಬಾಟಲಿ, ಟೋಪಿ, ಸನ್‌ಸ್ಕ್ರೀನ್, ಬೀಚಿಗೆ ಇಳಿಯುವವರಿಗೆ ಟವೆಲ್ಲು, ಪಾಸ್‌ಪೋರ್ಟಿನ ಒಂದು ನಕಲು.

ಸಸ್ಯಾಹಾರಿಗಳು ತಿಂಡಿಯ ಒಂದು ಪೊಟ್ಟಣ ಇಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಸ್ಸಿನ ದಾರಿ

ಬಸ್ ಪ್ರಯಾಣ ಎಂದರೆ ಹೊಟ್ಟೆ ತೊಳಸುವವರು ಹೆದರಬೇಕಿಲ್ಲ. ದ್ವೀಪದ ವಾಯವ್ಯದಲ್ಲಿ ತ್ರಾಮುಂತಾನಾ ಬೆಟ್ಟಸಾಲು ಇದೆ, ಅಲ್ಲಿಯ ರಸ್ತೆಗಳು ತಿರುವುಗಳಿಗೆ ಕುಖ್ಯಾತ. ಇದು ಆ ದಾರಿ ಅಲ್ಲ. ಪಾಲ್ಮಾದಿಂದ ಪೂರ್ವಕ್ಕೆ ಬಯಲು ನಾಡಿನಲ್ಲಿ ನೇರ ರಸ್ತೆ. ಪಾಲ್ಮಾ ಬಿಟ್ಟ ಕೂಡಲೇ ಹಳೆಯ ಗಾಳಿಗಿರಣಿಗಳು ಕಾಣುತ್ತವೆ, ಹೊಲಕ್ಕೆ ನೀರೆತ್ತಲು ಕಟ್ಟಿದವು. ಆಮೇಲೆ ಬಾದಾಮಿ ಮರಗಳ ತೋಟ. ಜನವರಿ ಕೊನೆ, ಫೆಬ್ರವರಿಯಲ್ಲಿ ಹೋದರೆ ಅವು ಬಿಳಿ ಹೂವು ತುಂಬಿಕೊಂಡು ನಿಂತಿರುತ್ತವೆ.

ನಡುವೆ ಸಿಗುವ ದೊಡ್ಡ ಊರು ಮಾನಾಕೋರ್. ಟೆನಿಸ್ ಆಟಗಾರ ರಫೇಲ್ ನಡಾಲ್ ಹುಟ್ಟಿದ ಊರು. 2016ರಲ್ಲಿ ಶುರುವಾದ ಅವರ ಟೆನಿಸ್ ಅಕಾಡೆಮಿಯೂ, ಅದರೊಳಗಿನ ಮ್ಯೂಸಿಯಮ್ಮೂ ಇಲ್ಲೇ. ಗುಹೆ ಪ್ರವಾಸದ ಬಸ್ಸು ಸಾಮಾನ್ಯವಾಗಿ ಅಲ್ಲಿ ನಿಲ್ಲುವುದಿಲ್ಲ. ಟೆನಿಸ್ ಹುಚ್ಚು ಇರುವವರು ಬೇರೆ ದಿನ ಇಟ್ಟುಕೊಳ್ಳಿ.

ಗೈಡ್ ಬಸ್ಸಿನಲ್ಲಿ ಹೇಳುವುದನ್ನು ಕಿವಿಗೊಟ್ಟು ಕೇಳಿ, ಮುಖ್ಯವಾಗಿ ಎರಡು ವಿಷಯ: ಬಸ್ಸು ಎಲ್ಲಿ ನಿಂತಿರುತ್ತದೆ, ಎಷ್ಟು ಗಂಟೆಗೆ ಹೊರಡುತ್ತದೆ. ಇಳಿಯುವಾಗ ಬಸ್ಸಿನ ಮುಂಭಾಗದ ಫೋಟೊ ತೆಗೆದುಕೊಳ್ಳಿ. ಗುಹೆಯ ಪಾರ್ಕಿಂಗ್‌ನಲ್ಲಿ ಒಂದೇ ಬಣ್ಣದ ಬಸ್ಸುಗಳು ಸಾಲಾಗಿ ನಿಂತಿರುತ್ತವೆ.

ಗುಹೆಯೊಳಗೆ

ಒಳಗೆ ಹೋಗುವ ಮೊದಲು ಶೌಚಾಲಯ ಮುಗಿಸಿಕೊಳ್ಳಿ. ಇಳಿದ ಮೇಲೆ ಸುಮಾರು ಒಂದು ಗಂಟೆ ವಾಪಸ್ ಬರುವ ಹಾಗಿಲ್ಲ. ಬಸ್ಸಿನ ಗೈಡ್ ಬಹಳ ಸಲ ಬಾಗಿಲವರೆಗೆ ಬಂದು ಟಿಕೆಟ್ ಕೊಟ್ಟು ನಿಲ್ಲುತ್ತಾರೆ. ಆದ್ದರಿಂದ ಒಳಗಿನ ಕಥೆ ಸ್ವಲ್ಪ ತಿಳಿದುಕೊಂಡೇ ಹೋದರೆ ಚೆನ್ನ.

ದ್ರಾಕ್ ಬಗ್ಗೆ ಊರವರಿಗೆ ಶತಮಾನಗಳಿಂದ ಗೊತ್ತಿತ್ತು. 1338ರ ಒಂದು ಪತ್ರದಲ್ಲೇ ಈ ಗುಹೆಯ ಮಾತು ಬರುತ್ತದೆ, ಒಳಗೆ ನಿಧಿ ಹುಡುಕಲು ಹೊರಟವರ ಸಂಬಂಧವಾಗಿ. ಸರಿಯಾದ ಶೋಧನೆ ಆಗಿದ್ದು 1896ರಲ್ಲಿ. ಫ್ರೆಂಚ್ ಗುಹಾತಜ್ಞ ಎದುವಾರ್ ಆಲ್ಫ್ರೆದ್ ಮಾರ್ತೆಲ್ ಒಳಗೆ ಇಳಿದು ದೊಡ್ಡ ಸರೋವರದವರೆಗೆ ಹೋದರು. ಖರ್ಚು ನೋಡಿಕೊಂಡವರು ಮಯೋರ್ಕಾದಲ್ಲಿ ನೆಲೆಸಿದ್ದ ಆಸ್ಟ್ರಿಯಾದ ರಾಜಮನೆತನದ ಲುಡ್ವಿಗ್ ಸಾಲ್ವಟೋರ್. ಸರೋವರಕ್ಕೆ ಮಾರ್ತೆಲ್ ಹೆಸರೇ ಉಳಿಯಿತು. ನೂರು ಮೀಟರಿಗೂ ಉದ್ದ, ಸುಮಾರು 30 ಮೀಟರ್ ಅಗಲ. ನೆಲದಡಿಯ ಸರೋವರಗಳಲ್ಲಿ ಜಗತ್ತಿನ ದೊಡ್ಡವುಗಳ ಸಾಲಿಗೆ ಸೇರುತ್ತದೆ. ಜನ ನಡೆಯುವ ದಾರಿ, ಮೆಟ್ಟಿಲು ಆದದ್ದು 1922ರ ನಂತರ. 1935ರಲ್ಲಿ ವಿದ್ಯುತ್ ದೀಪ ಬಂತು. ಅದನ್ನು ಯೋಜಿಸಿದ ಎಂಜಿನಿಯರ್ ಕಾರ್ಲೆಸ್ ಬುಯಿಗಾಸ್. ಬಾರ್ಸಿಲೋನಾದ ಮೊಂಜುಯಿಕ್‌ನಲ್ಲಿರುವ ಬಣ್ಣದ ಕಾರಂಜಿ ಇವರದೇ ಕೆಲಸ.

ಗುಹೆ ಆದ ಬಗೆ ಇನ್ನೂ ಕುತೂಹಲದ್ದು. ಈ ಕರಾವಳಿಯ ಸುಣ್ಣಕಲ್ಲು ಲಕ್ಷಾಂತರ ವರ್ಷ ಹಿಂದಿನ ಮಯೋಸೀನ್ ಕಾಲದ್ದು, ಹವಳದ ದಿಬ್ಬಗಳಿಂದ ಆದದ್ದು. ಮಳೆಯ ಸಿಹಿ ನೀರು ಮೇಲಿನಿಂದ ಇಳಿಯುತ್ತದೆ, ಸಮುದ್ರದ ಉಪ್ಪು ನೀರು ಪಕ್ಕದಿಂದ ನುಗ್ಗುತ್ತದೆ. ಎರಡೂ ಸೇರುವ ಜಾಗದಲ್ಲಿ ಕಲ್ಲು ಬೇಗ ಕರಗುತ್ತದೆ. ಹಾಗೆ ಕರಗಿ ಆದ ಪೊಳ್ಳು, ಕುಸಿದು ಆದ ಹಜಾರಗಳೇ ಈ ಗುಹೆ. ಸರೋವರದ ನೀರು ಇವತ್ತಿಗೂ ಸ್ವಲ್ಪ ಉಪ್ಪು, ಅದರ ಮಟ್ಟ ಹೊರಗಿನ ಸಮುದ್ರದ ಮಟ್ಟದ ಜೊತೆಗೇ ಇರುತ್ತದೆ. ತಿಳಿ ನೀರಿನ ಕೆಳಗೆ ದಿಟ್ಟಿಸಿ ನೋಡಿ. ಅಲ್ಲೂ ಇಳಿಬಿದ್ದ ಕಲ್ಲುಗಳು ಕಾಣುತ್ತವೆ. ಅವು ನೀರೊಳಗೆ ಬೆಳೆಯುವಂಥವಲ್ಲ, ಗಾಳಿಯಲ್ಲಿ ತೊಟ್ಟಿಕ್ಕಿ ಬೆಳೆದವು. ಅಂದರೆ ಒಂದು ಕಾಲದಲ್ಲಿ ಸಮುದ್ರ ಇನ್ನೂ ಕೆಳಗಿತ್ತು, ಆಮೇಲೆ ಏರಿ ಅವನ್ನು ಮುಳುಗಿಸಿತು. ನನಗೆ ದೀಪದ ಆಟಕ್ಕಿಂತ ಇದೇ ಜಾಸ್ತಿ ಹಿಡಿಸುತ್ತದೆ.

ನಡೆಯುವ ದಾರಿ ಒಟ್ಟು ಸುಮಾರು 1,200 ಮೀಟರ್. ಗುಹೆಯ ಅತಿ ಆಳದ ಜಾಗ ನೆಲದಿಂದ 25 ಮೀಟರ್ ಕೆಳಗೆ. ದೂರ ಏನೂ ಅಲ್ಲ, ಆದರೆ ಮೆಟ್ಟಿಲುಗಳಿವೆ. ಮಂಡಿ ನೋವಿನ ಹಿರಿಯರಿದ್ದರೆ ಮೊದಲೇ ಯೋಚಿಸಿ. ಗಾಲಿಕುರ್ಚಿಗೆ ಈ ದಾರಿ ಆಗುವುದಿಲ್ಲ. ಮಕ್ಕಳ ತಳ್ಳುಗಾಡಿಯೂ ಕಷ್ಟ, ಮಗುವನ್ನು ಎತ್ತಿಕೊಳ್ಳುವ ಪಟ್ಟಿ ತನ್ನಿ.

ಕಲ್ಲುಗಳನ್ನು ಮುಟ್ಟಬೇಡಿ. ಕೈಯ ಜಿಡ್ಡು ಹತ್ತಿದ ಕಡೆ ಸುಣ್ಣದ ನೀರು ಸರಿಯಾಗಿ ಕೂರುವುದಿಲ್ಲ, ಕಲ್ಲು ಕಪ್ಪಾಗಿ ಬೆಳವಣಿಗೆ ನಿಲ್ಲುತ್ತದೆ.

ಇಲ್ಲಿ ಒಂದು ಆಯ್ಕೆ ನಿಮ್ಮ ಮುಂದೆ ಬರುತ್ತದೆ. ಗುಂಪಿನ ಮುಂದೆ ನಡೆದರೆ ಸರೋವರದ ದಂಡೆಯ ಬೆಂಚುಗಳಲ್ಲಿ ಮುಂದಿನ ಸಾಲು ಸಿಗುತ್ತದೆ. ಹಿಂದೆ ಉಳಿದರೆ ದಾರಿಯಲ್ಲಿ ಗುಹೆಯನ್ನು ನೆಮ್ಮದಿಯಾಗಿ ನೋಡಬಹುದು, ಆದರೆ ಕೂರುವುದು ಹಿಂದೆ. ನನ್ನ ಮತ ಹಿಂದೆ ಉಳಿಯುವುದಕ್ಕೆ. ಬೆಂಚುಗಳು ಇಳಿಜಾರಿನಲ್ಲಿವೆ, ಹಿಂದಿನಿಂದಲೂ ಕಾಣುತ್ತದೆ. ದಾರಿಯ ಹಜಾರಗಳನ್ನು ಮಾತ್ರ ಮತ್ತೆ ನೋಡಲಾಗುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಮುಂದೆ ಹೋಗಿ, ಅವರಿಗೆ ದೋಣಿ ಹತ್ತಿರದಿಂದ ಕಾಣಲಿ.

ಎಲ್ಲರೂ ಕೂತ ಮೇಲೆ ದೀಪ ಆರುತ್ತದೆ. ಕತ್ತಲೆಗೆ ಹೆದರುವ ಮಕ್ಕಳಿಗೆ ಮೊದಲೇ ಹೇಳಿರಿ. ಆಮೇಲೆ ಸರೋವರದ ತುದಿಯಿಂದ ದೀಪದ ಅಂಚಿನ ದೋಣಿಗಳು ನಿಧಾನವಾಗಿ ಬರುತ್ತವೆ. ಪಿಟೀಲು, ಚೆಲ್ಲೋ ಮತ್ತು ಕೀಲಿಮಣೆ ವಾದ್ಯ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಶೋಪನ್, ಓಫನ್‌ಬಾಕ್ ಇವರ ಸಣ್ಣ ಕೃತಿಗಳು. ಗುಹೆಯೇ ದನಿಯನ್ನು ಹೊತ್ತು ತರುತ್ತದೆ. ಎಲ್ಲ ಸೇರಿ ಹತ್ತು ನಿಮಿಷದ ಆಸುಪಾಸು. ಈ ಹೊತ್ತಿನಲ್ಲಿ ಫೋಟೊ, ವಿಡಿಯೊ ಎರಡೂ ನಿಷಿದ್ಧ. ಫೋನು ಜೇಬಿಗೆ ಹಾಕಿ. ಆ ಕತ್ತಲೆಯಲ್ಲಿ ಒಂದು ಪರದೆ ಬೆಳಗಿದರೂ ಹಿಂದಿನ ಸಾಲುಗಳವರಿಗೆಲ್ಲ ರೇಜಿಗೆ.

ಕಛೇರಿ ಮುಗಿದ ಮೇಲೆ ಹೊರಗೆ ಹೋಗಲು ಎರಡು ದಾರಿ. ಒಂದು, ದೋಣಿ ಹತ್ತಿ ಸರೋವರ ದಾಟುವುದು. ಎರಡು, ಸೇತುವೆಯ ಮೇಲೆ ನಡೆಯುವುದು. ದೋಣಿಗೆ ಬೇರೆ ದುಡ್ಡಿಲ್ಲ, ಆದರೆ ಸಾಲು ಇದೆ, ಸವಾರಿ ಕೆಲವೇ ನಿಮಿಷ. ಬಸ್ಸಿನ ಸಮಯ ಬಿಗಿಯಾಗಿದ್ದರೆ ಸೇತುವೆ ಹಿಡಿಯಿರಿ. ಬಿಡುವಿದ್ದರೆ ಬೆಂಚಿನಲ್ಲೇ ಕೂತಿರಿ, ನೂರಾರು ಜನ ಎದ್ದು ಹೋಗಲಿ. ಸಾಲು ಕರಗುತ್ತದೆ, ಗದ್ದಲ ಇಳಿಯುತ್ತದೆ, ಸರೋವರ ಆಗ ಚೆನ್ನಾಗಿ ಕಾಣುತ್ತದೆ.

ಮುತ್ತಿನ ಅಂಗಡಿ

ಮಾನಾಕೋರ್ ಸುತ್ತಮುತ್ತ ಕೃತಕ ಮುತ್ತು ಮಾಡುವ ಕಸುಬು ಹಳೆಯದು, ಮಾಜೊರಿಕಾ ಕಂಪನಿ 1890ರಷ್ಟು ಹಿಂದಿನದು. ಗಾಜಿನ ಮಣಿಯನ್ನು ಮೀನಿನ ಹೊಪ್ಪೆಯಿಂದ ತೆಗೆದ ಹೊಳಪಿನ ದ್ರವದಲ್ಲಿ ಮತ್ತೆ ಮತ್ತೆ ಅದ್ದಿ, ಒಣಗಿಸಿ, ಉಜ್ಜಿ ಮಾಡುತ್ತಾರೆ. ಕೆಲಸ ನೋಡಲು ಸೊಗಸು. ಕೊಳ್ಳುವವರು ಒಂದು ನೆನಪಿಡಿ: ಇದು ಸಮುದ್ರದ ಚಿಪ್ಪಿನ ಮುತ್ತಲ್ಲ, ಅಂಗಡಿಯವರೂ ಹಾಗೆ ಹೇಳುವುದಿಲ್ಲ. ಆಭರಣವಾಗಿ ಕೊಳ್ಳಿ, ಆಸ್ತಿ ಅಂತ ಅಲ್ಲ.

ಕೊಂಡರೆ ತೆರಿಗೆ ವಾಪಸಿನ ಕಾಗದ ಕೇಳಿ ಪಡೆಯಿರಿ. ಯುರೋಪಿಯನ್ ಒಕ್ಕೂಟದ ಹೊರಗೆ ವಾಸಿಸುವವರಿಗೆ ಸ್ಪೇನಿನಲ್ಲಿ ಖರೀದಿಯ ಮೇಲಿನ ತೆರಿಗೆ ಹಿಂದಕ್ಕೆ ಸಿಗುತ್ತದೆ, 2018ರಿಂದ ಇಷ್ಟೇ ಮೊತ್ತ ಕೊಂಡಿರಬೇಕೆಂಬ ಮಿತಿಯೂ ಇಲ್ಲ. ಅಂಗಡಿಯಲ್ಲಿ ಪಾಸ್‌ಪೋರ್ಟ್ ವಿವರ ಕೇಳುತ್ತಾರೆ. ಕೊಳ್ಳುವ ಮನಸ್ಸಿಲ್ಲದವರು ಹೊರಗೆ ಬಂದು ಕೂತುಕೊಳ್ಳಬಹುದು, ಸಂಕೋಚ ಬೇಡ.

ಪೋರ್ಟೊ ಕ್ರಿಸ್ಟೊ

ಗುಹೆಯಿಂದ ಊರಿನ ಬೀಚಿಗೆ ಸುಮಾರು ಒಂದು ಕಿಲೋಮೀಟರ್. ಗೈಡ್ ಒಪ್ಪಿದರೆ ಬಸ್ಸಿಗೆ ಕಾಯದೆ ನಡೆದೇ ಹೋಗಿ. ಇದು ಮಾನಾಕೋರಿನ ಹಳೆಯ ಬಂದರು. ಸಮುದ್ರ ಇಲ್ಲಿ ತೋಳು ಚಾಚಿ ಒಳಗೆ ಬಂದಿದೆ. ತೋಳಿನ ಒಂದು ಬದಿ ಚಿಕ್ಕ ಮರಳಿನ ಬೀಚು, ಇನ್ನೊಂದು ಬದಿ ಮೀನುದೋಣಿಗಳು, ಹಾಯಿದೋಣಿಗಳು. ಅಲೆ ಕಡಿಮೆ, ಮಕ್ಕಳನ್ನು ನೀರಿಗೆ ಬಿಡಲು ಧೈರ್ಯ ಬರುತ್ತದೆ. ಬಾವುಟ ಮಾತ್ರ ನೋಡಿ: ಹಸಿರು ಇದ್ದರೆ ಸರಿ, ಹಳದಿ ಇದ್ದರೆ ಹುಷಾರು, ಕೆಂಪು ಇದ್ದರೆ ಇಳಿಯಬೇಡಿ.

ಈಜದವರು ದಡದ ಹಾದಿಯಲ್ಲಿ ನಡೆಯಿರಿ. ಬಂದರಿನ ಪಕ್ಕ ಬಂಡೆಯಲ್ಲಿ ಕೋವೆಸ್ ಬ್ಲಾಂಕೆಸ್ ಎಂಬ ಸಣ್ಣ ಗುಹೆಗಳಿವೆ. ಇನ್ನೂ ಬಿಡುವಿದ್ದರೆ ಊರಾಚೆ ಕಡಲಂಚಿನಲ್ಲಿರುವ ಫಾಲ್ಕೋನ್ಸ್ ಗೋಪುರದವರೆಗೆ ಹೋಗಿ. ಕಡಲ್ಗಳ್ಳರನ್ನು ದೂರದಿಂದಲೇ ಗುರುತಿಸಲು 16ನೇ ಶತಮಾನದಲ್ಲಿ ಕಟ್ಟಿದ ಕಾವಲು ಗೋಪುರ. ಮಧ್ಯಾಹ್ನದ ಬಿಸಿಲಲ್ಲಿ ಬೇಡ, ದಾರಿಯಲ್ಲಿ ನೆರಳಿಲ್ಲ. ಇಷ್ಟು ಶಾಂತವಾದ ಈ ದಡದಲ್ಲಿ 1936ರ ಆಗಸ್ಟಿನಲ್ಲಿ, ಸ್ಪೇನಿನ ಅಂತರ್ಯುದ್ಧದ ಹೊತ್ತಿಗೆ, ಆಗಿನ ಸರ್ಕಾರದ ಪರವಾದ ರಿಪಬ್ಲಿಕನ್ ಸೇನೆ ಇಳಿದಿತ್ತು. ಕೆಲವು ವಾರಗಳ ಕಾದಾಟದ ನಂತರ ಹಿಂದೆ ಸರಿಯಿತು.

ಊಟ

ಅಲ್ಲಿ ಊಟದ ಹೊತ್ತು ಮಧ್ಯಾಹ್ನ ಒಂದರಿಂದ ಮೂರೂವರೆ. ನಾಲ್ಕು ಗಂಟೆಗೆ ಹೋಗಿ ಕೂತರೆ ಅಡುಗೆಮನೆ ಮುಚ್ಚಿದೆ ಅನ್ನಬಹುದು. ದಡಕ್ಕೆ ಮುಖ ಮಾಡಿದ ಹೋಟೆಲಿಗಿಂತ ಒಂದು ಬೀದಿ ಒಳಗೆ ಹೋದರೆ ಬೆಲೆ ಇಳಿಯುತ್ತದೆ. ಇದು ಎಲ್ಲ ಕಡಲೂರುಗಳ ಕಥೆ, ಅಲ್ವಾ?

ಮೀನು ತಿನ್ನುವವರಿಗೆ ಚಿಂತೆಯಿಲ್ಲ. ಸಸ್ಯಾಹಾರಿಗಳು ಮೂರು ಕಡೆ ಎಡವುತ್ತಾರೆ. ಮೊದಲನೆಯದು ಎನ್ಸಾಯ್ಮಾದಾ, ಸುರುಳಿ ಸುತ್ತಿದ ಮೆತ್ತನೆಯ ಸಿಹಿ ಬನ್ನು. ಬೇಕರಿಯದೇ ಅಂತ ತಿಂದುಬಿಡುತ್ತಾರೆ, ಆದರೆ ಅದನ್ನು ಮಾಡುವುದು ಹಂದಿ ಕೊಬ್ಬಿನಲ್ಲಿ. ಎರಡನೆಯದು ಸಲಾಡು. ಸಾಮಾನ್ಯ ಮಿಕ್ಸ್ ಸಲಾಡಿನಲ್ಲೂ ಟ್ಯೂನಾ ಮೀನು ಹಾಕಿರುತ್ತಾರೆ. ಮೂರನೆಯದು, ಮಾಂಸ ಬೇಡ ಅಂದರೆ ಮೀನು ತಂದಿಡುವುದು.

ಧೈರ್ಯವಾಗಿ ಕೇಳಬಹುದಾದದ್ದು ತುಂಬೆಟ್. ಬದನೆ, ಆಲೂಗಡ್ಡೆ, ದಪ್ಪ ಮೆಣಸಿನಕಾಯಿ ಹುರಿದು, ಪದರ ಪದರವಾಗಿ ಇಟ್ಟು, ಮೇಲೆ ಟೊಮೆಟೊ ಸಾಸ್ ಸುರಿದದ್ದು. ಕೆಲವರು ಮೀನಿನ ಅಥವಾ ಮಾಂಸದ ಜೊತೆ ಬಡಿಸುತ್ತಾರೆ, ಬರೀ ತುಂಬೆಟ್ ಎಂದು ಹೇಳಿ. ಪಾ ಅಂಬ್ ಓಲಿ ಕೂಡ ಆಗುತ್ತದೆ: ಬ್ರೆಡ್ಡಿಗೆ ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ ಹಾಕಿದ್ದು. ಮೇಲೆ ಚೀಸ್ ಮಾತ್ರ ಎನ್ನಿ, ಇಲ್ಲದಿದ್ದರೆ ಹಂದಿ ಮಾಂಸದ ಹೋಳು ಬರುತ್ತದೆ. ಈ ಮೂರು ಮಾತು ಬಾಯಿಪಾಠ ಮಾಡಿಕೊಳ್ಳಿ: ಸಿನ್ ಕಾರ್ನೆ, ಮಾಂಸ ಬೇಡ. ಸಿನ್ ಪೆಸ್ಕಾದೊ, ಮೀನು ಬೇಡ. ಸಿನ್ ವೆವೊ, ಮೊಟ್ಟೆ ಬೇಡ.

ಗೈಡ್ ಬೇಡ ಅನ್ನುವವರಿಗೆ

ಹಿರಿಯರು, ಮಕ್ಕಳು ಜೊತೆಗಿದ್ದರೆ ಗೈಡ್ ಬಸ್ಸೇ ಸುಲಭ. ಇಬ್ಬರು ಗೆಳೆಯರು ಹೋಗುವುದಾದರೆ ಸ್ವಂತವಾಗಿ ಹೋಗಿ. ಪಾಲ್ಮಾದ ಪ್ಲಾಸಾ ದೆಸ್ಪಾನ್ಯಾ ನಿಲ್ದಾಣದಿಂದ ಮಾನಾಕೋರಿಗೆ ರೈಲಿದೆ, ಸುಮಾರು ಒಂದು ಗಂಟೆ. ಅಲ್ಲಿಂದ ಪೋರ್ಟೊ ಕ್ರಿಸ್ಟೊಗೆ ಸರ್ಕಾರಿ ಬಸ್ಸು. ಗುಹೆಯ ಟಿಕೆಟ್ ಮಾತ್ರ ಸಮಯ ಆರಿಸಿ ಆನ್‌ಲೈನಿನಲ್ಲಿ ಮೊದಲೇ ತೆಗೆದುಕೊಳ್ಳಿ. ರೈಲಿನಿಂದ ಬಸ್ಸಿಗೆ ಬದಲಿಸುವಾಗ ಕಾಯಬೇಕಾಗಬಹುದು, ಆದ್ದರಿಂದ ತಲುಪುವ ಹೊತ್ತಿಗೂ ಸರದಿಗೂ ನಡುವೆ ಒಂದು ಗಂಟೆ ಇಟ್ಟುಕೊಳ್ಳಿ. ಭಾನುವಾರ ಮತ್ತು ಚಳಿಗಾಲದಲ್ಲಿ ಬಸ್ಸು ಕಡಿಮೆ. ಇಳಿದ ಕೂಡಲೇ ನಿಲ್ದಾಣದ ಹಲಗೆಯಲ್ಲಿರುವ ವಾಪಸ್ ಬಸ್ಸಿನ ವೇಳಾಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ, ಕೊನೆಯ ಬಸ್ಸಿಗಿಂತ ಒಂದು ಮುಂಚಿನದಕ್ಕೇ ಹೊರಡಿ.